ಡಿಕಾಕ್ಷನ್ನಿನಿಂದ ಹಂಡೆಯವರೆಗೆ: ಬಿಸಿನೀರಿನ ಲೆಕ್ಕಾಚಾರ

ಮಸ್ಕತ್ತಿನಲ್ಲಿ ನಾಲ್ಕು ಕನ್ನಡ ಕುಟುಂಬಗಳು ಒಂದೆಡೆ ಸೇರಿದರೆ ಮಾತು ಮೊದಲು ಊರಿನ ಮಳೆಯ ಮೇಲೆ, ಆಮೇಲೆ ವಿಮಾನದ ಟಿಕೆಟ್ಟಿನ ಬೆಲೆಯ ಮೇಲೆ, ಕೊನೆಗೆ ಕಾಫಿಯ ಮೇಲೆ ಬಂದು ನಿಲ್ಲುವುದು ವಾಡಿಕೆ. "ಪುಡಿ ಊರಿನದೇ, ಫಿಲ್ಟರ್ ಅಮ್ಮ ಕೊಟ್ಟದ್ದೇ, ಹಾಲೂ ಚೆನ್ನಾಗಿಯೇ ಇದೆ. ಆದರೂ ಊರಿನ ಕಾಫಿಯ ರುಚಿ ಬರುವುದಿಲ್ಲವಲ್ಲ!" ಎಂಬ ದೂರು ಪ್ರತಿ ಕೂಟದಲ್ಲಿಯೂ ಕೇಳಿಬರುತ್ತದೆ. ಕೆಲವರು ನೀರನ್ನು ದೂರುತ್ತಾರೆ. ಇಲ್ಲಿನ ನಲ್ಲಿಯಲ್ಲಿ ಬರುವುದು ಸಮುದ್ರದ ನೀರಿನಿಂದ ಉಪ್ಪು ತೆಗೆದ ನೀರು. 1976ರಲ್ಲಿ ಗುಬ್ರಾದಲ್ಲಿ ಆರಂಭವಾದ ಈ ಏರ್ಪಾಡು ಇಂದು ಹಲವು ಸ್ಥಾವರಗಳಿಗೆ ಹಬ್ಬಿದೆ. ಕೆಲವರು ಪುಡಿಯಲ್ಲಿರುವ ಚಿಕೋರಿಯನ್ನು ದೂರುತ್ತಾರೆ. ಇನ್ನು ಕೆಲವು ಗಂಡಸರು ಮೆಲ್ಲನೆ ಹೆಂಡತಿಯ ಕೈಗುಣವನ್ನು ದೂರಲು ಹೋಗಿ, ಮರುದಿನದಿಂದ ತಾವೇ ಕಾಫಿ ಮಾಡಿಕೊಳ್ಳುವ ಯೋಗವನ್ನು ಪಡೆಯುತ್ತಾರೆ!

ಇವರಾರೂ ದೂರದ ಒಬ್ಬ ಆಸಾಮಿ ಇದ್ದಾನೆ. ಅವನೇ ಶಾಖ. ಕೆಟಲಿನಿಂದ ಫಿಲ್ಟರಿಗೆ, ಫಿಲ್ಟರಿನಿಂದ ಲೋಟಕ್ಕೆ, ಲೋಟದಿಂದ ಬಟ್ಟಲಿಗೆ ನೀರು ಪಾತ್ರೆ ಬದಲಿಸುವಾಗಲೆಲ್ಲ ಅವನು ಸದ್ದಿಲ್ಲದೆ ಜಾರಿಕೊಳ್ಳುತ್ತಾನೆ. ಎಲ್ಲಿ ಅವನನ್ನು ಹಿಡಿದಿಡಬೇಕು, ಎಲ್ಲಿ ಬಿಟ್ಟುಕೊಡಬೇಕು ಎಂಬುದು ತಿಳಿದರೆ ಕಾಫಿ ಮಾತ್ರವಲ್ಲ, ಮಗುವಿನ ಹಾಲಿನ ಬಾಟಲಿ, ದೀಪಾವಳಿಯ ಎಣ್ಣೆಸ್ನಾನ ಎಲ್ಲವೂ ಸುಗಮವಾಗುತ್ತವೆ. ವೈದ್ಯನಾದ ನನಗೆ ಇದರಲ್ಲಿ ಇನ್ನೊಂದು ಆಸಕ್ತಿಯೂ ಉಂಟು. ಬಿಸಿನೀರು ತಪ್ಪು ಜಾಗದಲ್ಲಿ ಬಿದ್ದಾಗ ಏನಾಗುತ್ತದೆ ಎಂಬುದನ್ನು ಆಸ್ಪತ್ರೆಯಲ್ಲಿ ನೋಡುವವರು ನಾವು. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಮೊದಲು ಕಾಫಿ ಆಗಲಿ.

ಶಾಖ ಕದಿಯುವ ಮೂವರು ಕಳ್ಳರು

ಕಾಫಿ ಪುಡಿಯ ಪರಿಮಳ ಮತ್ತು ಸತ್ವ ಚೆನ್ನಾಗಿ ಇಳಿಯಬೇಕಾದರೆ ಪುಡಿಯನ್ನು ತಲುಪುವ ನೀರು ಸುಮಾರು 90ರಿಂದ 96 ಡಿಗ್ರಿ ಸೆಲ್ಸಿಯಸ್ ಬಿಸಿಯಿರಬೇಕು ಎಂದು ಕಾಫಿ ಬಲ್ಲವರು ಹೇಳುತ್ತಾರೆ. ಅದಕ್ಕಿಂತ ತಣ್ಣಗಾದರೆ ಡಿಕಾಕ್ಷನ್ ತೆಳ್ಳಗೆ, ಹುಳಿ ಹುಳಿಯಾಗಿ ಇಳಿಯುತ್ತದೆ. "ನಾನು ಕುದಿಯುವ ನೀರನ್ನೇ ಹಾಕಿದ್ದು" ಎಂದು ನೀವು ಹೇಳಬಹುದು. ಆದರೆ ಹಾಕಿದ್ದು ಕುದಿಯುವ ನೀರಾದರೂ ಪುಡಿಗೆ ಸಿಕ್ಕಿದ್ದು ಕುದಿಯುವ ನೀರಲ್ಲ!

ಮೊದಲನೆಯ ಕಳ್ಳ ಪಾತ್ರೆ. ಒಂದು ಸಣ್ಣ ಲೆಕ್ಕ ಮಾಡೋಣ. ಸ್ಟೀಲು ಫಿಲ್ಟರಿನ ಮೇಲಿನ ಪಾತ್ರೆ, ಅದರೊಳಗಿನ ತೂತು ತಟ್ಟೆ, ಮುಚ್ಚಳ ಎಲ್ಲ ಸೇರಿ 150 ಗ್ರಾಂ ತೂಗುತ್ತದೆ ಎಂದುಕೊಳ್ಳಿ. ಪುಡಿ 30 ಗ್ರಾಂ. ಎರಡೂ ಹವಾನಿಯಂತ್ರಿತ ಅಡುಗೆಮನೆಯಲ್ಲಿ 25 ಡಿಗ್ರಿಯಲ್ಲಿ ಕುಳಿತಿವೆ. ಅವುಗಳ ಮೇಲೆ 98 ಡಿಗ್ರಿಯ 200 ಮಿಲಿಲೀಟರ್ ನೀರು ಹೊಯ್ದಿರಿ. ಶಾಖವನ್ನು ಹೀರಿಕೊಳ್ಳುವುದರಲ್ಲಿ ಒಂದು ಗ್ರಾಂ ಸ್ಟೀಲು ಒಂದು ಗ್ರಾಂ ನೀರಿನ ಎಂಟನೆಯ ಒಂದು ಪಾಲಿನಷ್ಟು ಮಾತ್ರ. ಹಾಗಿದ್ದರೂ ಪಾತ್ರೆ ಮತ್ತು ಪುಡಿ ತಮ್ಮ ಪಾಲನ್ನು ಕಿತ್ತುಕೊಂಡ ಮೇಲೆ ಉಳಿಯುವುದು ಸುಮಾರು 88 ಡಿಗ್ರಿ. ಅಂದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ 10 ಡಿಗ್ರಿ ಮಾಯ! ಅದೇ ಫಿಲ್ಟರನ್ನು ಮೊದಲೇ ಬಿಸಿನೀರಿನಲ್ಲಿ ತೊಳೆದು 80 ಡಿಗ್ರಿಗೆ ತಂದಿದ್ದರೆ ನೀರು 92-93 ಡಿಗ್ರಿಯಲ್ಲಿ ನಿಲ್ಲುತ್ತಿತ್ತು. ತೆಳು ಡಿಕಾಕ್ಷನ್ನಿಗೂ ಗಟ್ಟಿ ಡಿಕಾಕ್ಷನ್ನಿಗೂ ಇರುವ ಅಂತರ ಈ ನಾಲ್ಕು ಡಿಗ್ರಿಗಳಲ್ಲೇ ಅಡಗಿರುತ್ತದೆ. ಊರಿನ ಅಡುಗೆಮನೆಯಲ್ಲಿ ಒಲೆಯ ಪಕ್ಕದಲ್ಲೇ ಕುಳಿತು ಬೆಚ್ಚಗಾಗಿರುತ್ತಿದ್ದ ಫಿಲ್ಟರು ಇಲ್ಲಿ ಏಸಿಯ ಗಾಳಿಗೆ ನಡುಗುತ್ತಿರುತ್ತದೆ!

ಎರಡನೆಯ ಕಳ್ಳ ಹಬೆ. ಇವನೇ ಎಲ್ಲರಿಗಿಂತ ಚಾಲಾಕಿ. ಒಂದು ಗ್ರಾಂ ನೀರು ಆವಿಯಾಗಿ ಹೋಗುವಾಗ ತನ್ನೊಂದಿಗೆ ಸುಮಾರು 540 ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. 200 ಗ್ರಾಂ ನೀರಿನಿಂದ ಒಂದೇ ಒಂದು ಗ್ರಾಂ ಆವಿಯಾದರೆ ಉಳಿದದ್ದು ಎರಡೂ ಮುಕ್ಕಾಲು ಡಿಗ್ರಿಯಷ್ಟು ತಣ್ಣಗಾಗುತ್ತದೆ. ಒಂದು ಟೀ ಚಮಚದಷ್ಟು ಆವಿಯಾದರೆ ಹದಿಮೂರು ಡಿಗ್ರಿ ಹೋಯಿತು! ನೀರನ್ನು ಎತ್ತರದಿಂದ ತೆಳ್ಳನೆಯ ಧಾರೆಯಾಗಿ ಸುರಿದಷ್ಟೂ ಗಾಳಿಗೆ ತೆರೆದುಕೊಳ್ಳುವ ಮೈ ಹೆಚ್ಚು, ಹಬೆ ಹೆಚ್ಚು, ನಷ್ಟ ಹೆಚ್ಚು.

ಮೂರನೆಯ ಕಳ್ಳ ಸುತ್ತಲಿನ ಗಾಳಿ. ಬಿಸಿ ಪಾತ್ರೆಗೂ ಕೋಣೆಗೂ ಇರುವ ಉಷ್ಣತೆಯ ಅಂತರ ಹೆಚ್ಚಿದ್ದಷ್ಟೂ ಶಾಖ ವೇಗವಾಗಿ ಸೋರುತ್ತದೆ ಎಂಬುದನ್ನು ನ್ಯೂಟನ್ ಮಹಾಶಯ ಬಹಳ ಹಿಂದೆಯೇ ಹೇಳಿಹೋಗಿದ್ದಾನೆ. ಹೊರಗೆ 45 ಡಿಗ್ರಿ ಸುಡುತ್ತಿದ್ದರೂ ಒಳಗೆ 22ಕ್ಕೆ ಏಸಿ ಇಟ್ಟುಕೊಂಡು ಕೂರುವ ನಮಗೆ ಕಾಫಿಯ ಮಟ್ಟಿಗೆ ವರ್ಷವಿಡೀ ಚಳಿಗಾಲವೇ.

ಕಳ್ಳರಿಗೆ ಬೀಗ

ಪರಿಹಾರಗಳು ಬಲು ಸುಲಭ. ಪುಡಿ ಹಾಕುವ ಮೊದಲು ಫಿಲ್ಟರಿನ ಎರಡೂ ಭಾಗಗಳಿಗೆ ಕುದಿನೀರು ತುಂಬಿ, ಒಂದು ನಿಮಿಷ ಬಿಟ್ಟು ಚೆಲ್ಲಿ, ಒರೆಸಿಕೊಳ್ಳಿ. ಕೆಟಲಿನ ಮೂತಿಯನ್ನು ಫಿಲ್ಟರಿನ ಹತ್ತಿರಕ್ಕೆ ತಂದು ನೀರು ಸುರಿಯಿರಿ, ಧಾರೆ ಗಿಡ್ಡದಾಗಿರಲಿ. ಸುರಿದ ತಕ್ಷಣ ಮುಚ್ಚಳ ಹಾಕಿ. ಬಹಳ ಸ್ವಲ್ಪ ಕಾಫಿಗಾಗಿ ದೊಡ್ಡ ಫಿಲ್ಟರ್ ಬಳಸಬೇಡಿ. ನೀರು ಕಡಿಮೆಯಿದ್ದು ಪಾತ್ರೆ ದೊಡ್ಡದಿದ್ದರೆ ಕಳ್ಳನ ಪಾಲೇ ಹೆಚ್ಚಾಗುತ್ತದೆ. ಹಿತ್ತಾಳೆಯ ಫಿಲ್ಟರ್ ಇರುವವರಿಗೆ ಒಂದು ಮಾತು. ಹಿತ್ತಾಳೆ ಸ್ಟೀಲಿಗಿಂತ ಹಲವು ಪಟ್ಟು ಚುರುಕಾಗಿ ಶಾಖವನ್ನು ಸಾಗಿಸುತ್ತದೆ. ಆದ್ದರಿಂದ ಅದು ಬೇಗ ಬಿಸಿಯಾಗುತ್ತದೆ, ಹಿಡಿದವರ ಕೈಯನ್ನೂ ಬೇಗ ಸುಡುತ್ತದೆ.

ಇನ್ನು ಡಿಕಾಕ್ಷನ್ ತೊಟ್ಟಿಕ್ಕಿ ಮುಗಿಯುವಷ್ಟರಲ್ಲಿ ತಣ್ಣಗಾಯಿತೆಂದು ಅದನ್ನು ಒಲೆಯ ಮೇಲಿಟ್ಟು ಕುದಿಸುವವರಿದ್ದಾರೆ. ಅದು ಬೇಡ, ಪರಿಮಳ ಹಾರಿಹೋಗಿ ಕಹಿ ಉಳಿಯುತ್ತದೆ. ಇಲ್ಲಿಯೂ ಲೆಕ್ಕ ನಮ್ಮ ಕೈ ಹಿಡಿಯುತ್ತದೆ. 28 ಡಿಗ್ರಿಗೆ ಇಳಿದ 40 ಮಿಲಿಲೀಟರ್ ಡಿಕಾಕ್ಷನ್ನಿಗೆ 95 ಡಿಗ್ರಿಯ 110 ಮಿಲಿಲೀಟರ್ ಹಾಲು ಸೇರಿಸಿದರೆ ಕಾಫಿ 77 ಡಿಗ್ರಿ ಬಿಸಿಯಿರುತ್ತದೆ. ತಣ್ಣನೆಯ ಸ್ಟೀಲು ಲೋಟ ತನ್ನ ಪಾಲು ಕಿತ್ತುಕೊಂಡ ಮೇಲೂ 74 ಉಳಿಯುತ್ತದೆ. ನಾಲಿಗೆಗೆ ಅದೇ ಜಾಸ್ತಿ! ಹಾಲು ಚೆನ್ನಾಗಿ ಉಕ್ಕಿದ್ದರೆ ಸಾಕು, ಡಿಕಾಕ್ಷನ್ನನ್ನು ಅದರ ಪಾಡಿಗೆ ಬಿಡಿ. ಅಷ್ಟಕ್ಕೂ ಬೆಚ್ಚಗೇ ಬೇಕೆಂದರೆ ಫಿಲ್ಟರಿನ ಕೆಳಗಿನ ಪಾತ್ರೆಯನ್ನು ಬಿಸಿನೀರಿನ ಬೋಗುಣಿಯಲ್ಲಿ ಕೂರಿಸಿ.

ಮತ್ತೊಂದು ಸ್ವಾರಸ್ಯ. ನೀರು ಎಲ್ಲ ಕಡೆಯೂ 100 ಡಿಗ್ರಿಗೇ ಕುದಿಯುವುದಿಲ್ಲ. ಸಮುದ್ರ ಮಟ್ಟದಲ್ಲಿರುವ ಮಸ್ಕತ್ತಿನಲ್ಲಿ 100. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ರ ಆಸುಪಾಸು. ರಜೆಯಲ್ಲಿ ನಾವು ದಾಳಿಂಬೆ ಮತ್ತು ಗುಲಾಬಿ ನೋಡಲು ಹೋಗುವ ಜಬಲ್ ಅಖ್ದರಿನ ಸೈಕ್ ಪ್ರಸ್ಥಭೂಮಿಯಲ್ಲಿ, ಅಂದರೆ 2000 ಮೀಟರ್ ಎತ್ತರದಲ್ಲಿ, 93 ಡಿಗ್ರಿಗೇ ಕುದಿದುಬಿಡುತ್ತದೆ. ಅಲ್ಲಿ ಕಾಫಿ ಮಾಡುವವರು ಫಿಲ್ಟರನ್ನು ಬಿಸಿ ಮಾಡಿಕೊಳ್ಳುವುದನ್ನು ಮರೆತರೆ ಡಿಕಾಕ್ಷನ್ ಕೈಕೊಡುವುದು ಖಂಡಿತ. ಹಾಗೆ ನೋಡಿದರೆ ಕುದಿನೀರಿನ ವಿಚಾರದಲ್ಲಿ ಬೆಂಗಳೂರಿನವರಿಗಿಂತ ಮಸ್ಕತ್ತಿನವರೇ ಮೂರು ಡಿಗ್ರಿ ಮುಂದೆ! ರುಚಿ ಬರದಿದ್ದರೆ ಊರಿನ ಮೇಲೆ ತಪ್ಪು ಹೊರಿಸುವಂತಿಲ್ಲ.

ಕಾಯಿಸುವುದೊಂದು ಕಲೆ, ಆರಿಸುವುದೊಂದು ಕಲೆ

ಇಲ್ಲಿಯವರೆಗೆ ಶಾಖ ಉಳಿಸುವ ಮಾತಾಯಿತು. ಆದರೆ ಫಿಲ್ಟರಿನಲ್ಲಿ 90ಕ್ಕಿಂತ ಕಡಿಮೆ ಆಗಬಾರದು ಎನ್ನುವ ಅದೇ ಕಾಫಿ, ಗಂಟಲಿಗೆ ಇಳಿಯುವಾಗ 60ಕ್ಕಿಂತ ಹೆಚ್ಚಿರಬಾರದು. ಇದು ನಾಲಿಗೆಯ ನಾಜೂಕಿನ ಪ್ರಶ್ನೆ ಮಾತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2016ರಲ್ಲಿ, 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗುತ್ತವೆ ಎಂದು ಪ್ರಕಟಿಸಿತು. ಕಾಫಿಪ್ರಿಯರು ಗಾಬರಿಯಾಗಬೇಕಿಲ್ಲ. ಅದೇ ಪ್ರಕಟಣೆಯಲ್ಲಿ ಕಾಫಿಯ ಮೇಲೆ ಹಿಂದೆ ಇದ್ದ ಶಂಕೆಯನ್ನು ತೆಗೆದುಹಾಕಲಾಯಿತು. ಅಪರಾಧಿ ಕಾಫಿಯಲ್ಲ, ಅದರ ಸುಡುವ ಬಿಸಿ! ಒಮಾನಿನ ನೆರೆಯ ಇರಾನಿನ ಗೋಲೆಸ್ತಾನ್ ಪ್ರಾಂತ್ಯದಲ್ಲಿ ಸುಮಾರು 50 ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು. ದಿನಕ್ಕೆ 700 ಮಿಲಿಲೀಟರಿಗಿಂತ ಹೆಚ್ಚು ಚಹಾವನ್ನು 60 ಡಿಗ್ರಿಗಿಂತ ಬಿಸಿಯಾಗಿ ಕುಡಿಯುವವರಲ್ಲಿ ಅನ್ನನಾಳದ ಕ್ಯಾನ್ಸರಿನ ಸಂಭವ, ಆರಿಸಿಕೊಂಡು ಕಡಿಮೆ ಕುಡಿಯುವವರಿಗಿಂತ ಶೇಕಡಾ 90ರಷ್ಟು ಹೆಚ್ಚಿತ್ತು.

ನಮ್ಮ ಹಿರಿಯರಿಗೆ ಈ ಅಧ್ಯಯನ ಬೇಕಿರಲಿಲ್ಲ. ಅವರು ಲೋಟದ ಜೊತೆಗೆ ಬಟ್ಟಲು ಇಟ್ಟಿದ್ದರು! ಫಿಲ್ಟರಿನಲ್ಲಿ ಮುಚ್ಚಳ ಹಾಕಿ ಕಾಪಾಡಿದ ಶಾಖವನ್ನು ಅಗಲ ಬಾಯಿಯ ಬಟ್ಟಲಿಗೆ ಎತ್ತರದಿಂದ ಸುರಿದು ಬಿಟ್ಟುಕೊಡುವುದು ಎಂಥ ಜಾಣತನ! ಹಬೆಯೆಂಬ ಕಳ್ಳನನ್ನು ಇಲ್ಲಿ ನಾವೇ ಕರೆದು ಕೆಲಸಕ್ಕೆ ಹಚ್ಚುತ್ತೇವೆ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡು ಮತ್ತೆಂದೂ ಹಾಲಿನ ಹತ್ತಿರ ಸುಳಿಯದ ತೆನಾಲಿ ರಾಮನ ಬೆಕ್ಕಿಗೆ ಯಾರಾದರೂ ಬಟ್ಟಲಲ್ಲಿ ಆರಿಸಿಕೊಟ್ಟಿದ್ದರೆ ಅದರ ಕಥೆಯೇ ಬೇರೆಯಾಗುತ್ತಿತ್ತು.

ಇದೇ ಜಾಣತನವನ್ನು ಒಮಾನಿ ಮನೆಗಳ ಕಹ್ವಾದಲ್ಲಿಯೂ ನೋಡಿ. ಏಲಕ್ಕಿಯ ಘಮದ ಕಹ್ವಾ ಮುಚ್ಚಳವಿರುವ ದಲ್ಲಾದಲ್ಲಿ ಬಿಸಿಯಾಗಿಯೇ ಇರುತ್ತದೆ. ಹಿಡಿಯಿಲ್ಲದ ಪುಟ್ಟ ಫಿಂಜಾನಿಗೆ ತಳ ಮುಚ್ಚುವಷ್ಟೇ ಸುರಿಯುತ್ತಾರೆ. "ಇಷ್ಟು ಸ್ವಲ್ಪವೇ?" ಎಂದು ಹೊಸಬರು ಅಂದುಕೊಳ್ಳುವುದುಂಟು. ಅದು ಜಿಪುಣತನವಲ್ಲ. ಸ್ವಲ್ಪ ಸುರಿದದ್ದು ತಣ್ಣನೆಯ ಪಿಂಗಾಣಿಗೆ ತಾಗಿ ಕೂಡಲೇ ಕುಡಿಯುವ ಹದಕ್ಕೆ ಬರುತ್ತದೆ, ಉಳಿದದ್ದು ದಲ್ಲಾದಲ್ಲಿ ಬಿಸಿಯಾಗಿ ಕಾಯುತ್ತದೆ. ಸಾಕೆಂದು ಫಿಂಜಾನನ್ನು ಅಲ್ಲಾಡಿಸುವವರೆಗೆ ಮತ್ತೆ ಮತ್ತೆ ಸುರಿಯುತ್ತಲೇ ಇರುತ್ತಾರೆ. ಆತಿಥ್ಯದ ಸಂಕೇತವಾದ ಈ ಅರಬ್ಬಿ ಕಾಫಿಯನ್ನು ಯುನೆಸ್ಕೋ 2015ರಲ್ಲಿ ಒಮಾನ್, ಸೌದಿ ಅರೇಬಿಯಾ, ಯುಎಇ ಮತ್ತು ಕತಾರ್ ದೇಶಗಳ ಹೆಸರಿನಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮಗೂ ಈ ನೆಲಕ್ಕೂ ಕಾಫಿಯ ನಂಟು ಹಳೆಯದೇ. ಬಾಬಾ ಬುಡನ್ ಅವರು ಹದಿನೇಳನೆಯ ಶತಮಾನದಲ್ಲಿ ಪಕ್ಕದ ಯೆಮೆನಿನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರೆಂಬುದು ಪ್ರತೀತಿ. ಆ ಏಳು ಬೀಜಗಳ ಸಂತತಿಯನ್ನು ನಾವೀಗ ಪುಡಿಯ ರೂಪದಲ್ಲಿ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಮತ್ತೆ ಅರಬ್ಬರ ನಾಡಿಗೆ ಹೊತ್ತು ತರುತ್ತಿದ್ದೇವೆ!

ಫ್ಲಾಸ್ಕಿನ ಪುರಾಣ

ಶಾಖವನ್ನು ಬಂಧಿಸಿಡುವ ಫ್ಲಾಸ್ಕನ್ನು 1892ರಲ್ಲಿ ರೂಪಿಸಿದವರು ಸ್ಕಾಟ್ಲೆಂಡಿನ ವಿಜ್ಞಾನಿ ಜೇಮ್ಸ್ ದ್ಯುವಾರ್. ಅವರ ಉದ್ದೇಶ ಕಾಫಿಯಲ್ಲ, ದ್ರವರೂಪಕ್ಕೆ ತಂದ ಅನಿಲಗಳನ್ನು ತಂಪಾಗಿ ಕಾಪಾಡುವುದು. 1904ರಲ್ಲಿ ಜರ್ಮನಿಯಲ್ಲಿ ಅದಕ್ಕೆ ಥರ್ಮಾಸ್ ಎಂಬ ಹೆಸರಿಟ್ಟು ಮಾರಾಟಕ್ಕೆ ತಂದರು. ಎರಡು ಗೋಡೆಗಳ ನಡುವಿನ ನಿರ್ವಾತ ಶಾಖ ಹರಿಯುವುದನ್ನು ತಡೆಯುತ್ತದೆ, ಗೋಡೆಯ ಬೆಳ್ಳಿಯ ಹೊಳಪು ವಿಕಿರಣವನ್ನು ಹಿಂದಿರುಗಿಸುತ್ತದೆ. ಉಳಿದ ಸೋರಿಕೆ ಹೆಚ್ಚಾಗಿ ಮುಚ್ಚಳದಲ್ಲಿಯೇ. ಫ್ಲಾಸ್ಕಿಗೂ ಮೊದಲು ಐದು ನಿಮಿಷ ಕುದಿನೀರು ತುಂಬಿಟ್ಟು ಚೆಲ್ಲಿ, ಆಮೇಲೆ ಕಾಫಿ ತುಂಬಿ; ಬಾಯಿಯವರೆಗೆ ತುಂಬಿ.

ಆದರೆ ವೈದ್ಯನಾಗಿ ಒಂದು ಎಚ್ಚರಿಕೆ. ಫ್ಲಾಸ್ಕ್ ಶಾಖವನ್ನು ಮಾತ್ರವಲ್ಲ, ಬೆಚ್ಚಗಿನ ಹಾಲಿನಲ್ಲಿ ಕ್ರಿಮಿಗಳನ್ನೂ ಚೆನ್ನಾಗಿ ಸಾಕುತ್ತದೆ. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾಗಳು ಸುಖವಾಗಿ ವೃದ್ಧಿಸುತ್ತವೆ. ನಾವು ಮೊಸರು ಹೆಪ್ಪು ಹಾಕುವುದೂ ಉಗುರುಬೆಚ್ಚಗಿನ ಹಾಲಿಗೇ ಅಲ್ಲವೇ? ಸೂರ್ ಕಡೆಗೋ ನಿಜ್ವಾಕ್ಕೋ ಹೊರಟಾಗ ಬೆಳಿಗ್ಗೆ ತುಂಬಿದ ಹಾಲಿನ ಕಾಫಿಯನ್ನು ಸಂಜೆ ಕುಡಿಯಬೇಡಿ. ಬಿಸಿನೀರು, ಡಿಕಾಕ್ಷನ್ ಬೇರೆ ಬೇರೆ ಒಯ್ಯಿರಿ. ಹಾಲು ತಣ್ಣನೆಯ ಪೆಟ್ಟಿಗೆಯಲ್ಲಿರಲಿ. ಮಗುವಿನ ಹಾಲನ್ನಂತೂ ಬೆಚ್ಚಗೆ ಫ್ಲಾಸ್ಕಿನಲ್ಲಿ ಇಡಲೇಬಾರದು.

ಮಗುವಿನ ಬಾಟಲಿಯ 70 ಡಿಗ್ರಿ

ಎದೆಹಾಲಿಗೆ ಸಮನಾದದ್ದು ಬೇರೊಂದಿಲ್ಲ. ಅದಕ್ಕೆ ಕೆಟಲೂ ಬೇಡ, ಉಷ್ಣಮಾಪಕವೂ ಬೇಡ. ಅನಿವಾರ್ಯವಾಗಿ ಪುಡಿಹಾಲು ಕೊಡಬೇಕಾದ ತಾಯಂದಿರು ಮಾತ್ರ ಈ ಭಾಗವನ್ನು ಎರಡು ಬಾರಿ ಓದಿ.

ಡಬ್ಬಿಯ ಪುಡಿಹಾಲು ಸಂಪೂರ್ಣ ಕ್ರಿಮಿರಹಿತವಲ್ಲ. ಕ್ರೊನೊಬ್ಯಾಕ್ಟರ್ ಎಂಬ ಕ್ರಿಮಿ ಅಪರೂಪಕ್ಕೆ ಅದರಲ್ಲಿ ಇರಬಹುದು. ಅವಧಿಗೆ ಮುನ್ನ ಹುಟ್ಟಿದ ಹಾಗೂ ಎರಡು ತಿಂಗಳೊಳಗಿನ ಕೂಸುಗಳಿಗೆ ಅದು ಮಿದುಳು ಜ್ವರ ತರುವಷ್ಟು ಅಪಾಯಕಾರಿ. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ಪುಡಿ ಕಲಸುವ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು, ಕುದಿಸಿದ ನೀರನ್ನು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಡಬಾರದು, ಕಲಸಿದ ಹಾಲನ್ನು ಹೊರಗಿಟ್ಟರೆ ಎರಡು ಗಂಟೆಯೊಳಗೆ ಬಳಸಬೇಕು ಎಂದು ಹೇಳಿದೆ.

ಇಲ್ಲಿಯೇ ಮೊದಲನೆಯ ಕಳ್ಳ ಮತ್ತೆ ಬರುತ್ತಾನೆ. ಕೆಟಲಿನಲ್ಲಿ ನೀರು 75 ಡಿಗ್ರಿ ಇದೆ ಎಂದುಕೊಳ್ಳಿ. ಅದರಿಂದ 100 ಮಿಲಿಲೀಟರನ್ನು 200 ಗ್ರಾಂ ತೂಗುವ ತಣ್ಣನೆಯ ಗಾಜಿನ ಬಾಟಲಿಗೆ ಸುರಿದರೆ, ಗಾಜು ತನ್ನ ಪಾಲು ತೆಗೆದುಕೊಂಡ ಮೇಲೆ ನೀರು 60 ಡಿಗ್ರಿಗೆ ಬಂದುಬಿಡುತ್ತದೆ! ಕ್ರಿಮಿ ಸಾಯಲು ಬೇಕಾದ ಬಿಸಿ ಕೆಟಲಿನಲ್ಲಿತ್ತು, ಬಾಟಲಿಯಲ್ಲಿಲ್ಲ. ಹಾಗಾಗಿ ಕುದಿಸಿ ಶುದ್ಧಗೊಳಿಸಿದ ಬಾಟಲಿ ಇನ್ನೂ ಬೆಚ್ಚಗಿರುವಾಗಲೇ, ನೀರು ಕುದಿದು ಹೆಚ್ಚು ಹೊತ್ತಾಗುವ ಮೊದಲೇ ಸುರಿಯಿರಿ. ಅಳತೆಯಂತೆ ಪುಡಿ ಹಾಕಿ ಕಲಸಿ. ಆಮೇಲೆ ಬಾಟಲಿಯನ್ನು ತಣ್ಣೀರಿನಲ್ಲಿ ಹಿಡಿದು ಬೇಗ ಆರಿಸಿ, ಮಣಿಕಟ್ಟಿನ ಒಳಭಾಗಕ್ಕೆ ಎರಡು ಹನಿ ಬಿಟ್ಟು ನೋಡಿ ಕುಡಿಸಿ. ಕಾಫಿಯ ಸೂತ್ರವೇ ಇಲ್ಲಿಯೂ: ಕಲಸುವಾಗ ಶಾಖ ಕಾಯಬೇಕು, ಕುಡಿಸುವಾಗ ಕಳೆಯಬೇಕು.

ನೀರು ತುಂಬುವ ಹಬ್ಬ, ನಲ್ಲಿಗಳ ಅದಲುಬದಲು

ದೀಪಾವಳಿಯೆಂದರೆ ನಮಗೆ ಮೊದಲು ನೀರು ತುಂಬುವ ಹಬ್ಬ. ತಾಮ್ರದ ಹಂಡೆಯನ್ನು ಹುಣಿಸೆಹಣ್ಣಿನಿಂದ ಬೆಳಗಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಬಳ್ಳಿ ಸುತ್ತಿ, ಸಂಜೆ ನೀರು ತುಂಬಿ, ನಸುಕಿನಲ್ಲಿ ಒಲೆ ಹಚ್ಚಿ, ನರಕ ಚತುರ್ದಶಿಯ ಎಣ್ಣೆಸ್ನಾನ. ಬಚ್ಚಲಮನೆಯ ಅಜ್ಜಿಯ ಶಾಸ್ತ್ರ ನೆನಪಿದೆಯೇ? ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಹಂಡೆಯ ನೀರು ಬೆರಕೆ. ಇದರಲ್ಲಿ ಪಕ್ಕಾ ವಿಜ್ಞಾನವಿದೆ. ಮೊದಲು ಬಿಸಿನೀರು ಬಿದ್ದ ಬಕೆಟಿಗೆ ಮಗು ಕೈ ಹಾಕಿದರೆ ಸುಡುತ್ತದೆ. ಮೊದಲು ತಣ್ಣೀರಿದ್ದರೆ ಯಾವ ಕ್ಷಣದಲ್ಲಿಯೂ ಬಕೆಟಿನ ನೀರು ಕೊನೆಯ ಹದವನ್ನು ಮೀರುವುದಿಲ್ಲ. ಲೆಕ್ಕ ಬೇಕೆಂದರೆ, 30 ಡಿಗ್ರಿಯ 15 ಲೀಟರ್ ನೀರಿಗೆ 90 ಡಿಗ್ರಿಯ 3 ಲೀಟರ್ ಸೇರಿಸಿದರೆ ಸರಿಯಾಗಿ 40 ಡಿಗ್ರಿಯ ಬೆರಕೆ ಸಿದ್ಧ. ಸುರಿದ ಮೇಲೆ ಕೈಯಾಡಿಸಿ ಕಲಕುವುದು ಮುಖ್ಯ. ಬಿಸಿನೀರು ಹಗುರ, ಮೇಲೆಯೇ ನಿಂತಿರುತ್ತದೆ. ಚಿಕ್ಕ ಮಕ್ಕಳಿಗೆ 37-38 ಡಿಗ್ರಿ ಸಾಕು. ರುಸ್ತಾಕಿನ ಐನ್ ಅಲ್ ಕಸ್ಫಾ ಬಿಸಿನೀರಿನ ಬುಗ್ಗೆಯನ್ನು ನೋಡಿದವರಿಗೆ ಗೊತ್ತು. ಸುಮಾರು 45 ಡಿಗ್ರಿಯ ಆ ನೀರಿಗೆ ಕಾಲಿಟ್ಟ ಕೂಡಲೇ ಹೊಸಬರು ಹೌಹಾರುತ್ತಾರೆ.

ಇಲ್ಲಿನ ಬಚ್ಚಲಲ್ಲಿ ಹಂಡೆಯಿಲ್ಲ, ಗೀಸರ್ ಇದೆ. ಬೇಸಿಗೆಯಲ್ಲಿ ಇಲ್ಲಿಯ ನಲ್ಲಿಗಳ ವಿಚಿತ್ರ ಎಲ್ಲರ ಅನುಭವ. ಮಾಳಿಗೆಯ ಮೇಲಿನ ಟ್ಯಾಂಕು ಬಿಸಿಲಿಗೆ ಕಾದು ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬರುತ್ತದೆ. ಗೀಸರಿನ ಸ್ವಿಚ್ ಆರಿಸಿಟ್ಟರೆ ಏಸಿಯ ಮನೆಯೊಳಗೆ ನಿಂತು ಆರಿದ ನೀರು ಬಿಸಿನೀರಿನ ನಲ್ಲಿಯಲ್ಲಿ ತಣ್ಣಗೆ ಬರುತ್ತದೆ! ರಾತ್ರಿಯೂ ಬಿಡುವಿಲ್ಲ. 2018ರ ಜೂನಿನಲ್ಲಿ ಕುರಿಯಾತಿನಲ್ಲಿ ಒಂದು ಇಡೀ ದಿನದ ಕನಿಷ್ಠ ಉಷ್ಣತೆಯೇ 42.6 ಡಿಗ್ರಿಯಾಗಿ ಜಗತ್ತಿನ ಸುದ್ದಿಯಾಗಿತ್ತು.

ಈ ಉಪಾಯ ಒಳ್ಳೆಯದೇ, ಆದರೆ ಒಂದು ಮಾತು. ಲೀಜಿಯೋನೆಲ್ಲಾ ಎಂಬ ನ್ಯುಮೋನಿಯಾ ತರುವ ಕ್ರಿಮಿಗೆ 25ರಿಂದ 45 ಡಿಗ್ರಿಯ ನಿಂತ ನೀರೆಂದರೆ ಪ್ರೀತಿ. ತಿಂಗಳುಗಟ್ಟಲೆ ಆರಿಸಿಟ್ಟ ಗೀಸರನ್ನು ಅಕ್ಟೋಬರ್-ನವೆಂಬರಿನಲ್ಲಿ ಮತ್ತೆ ಹಚ್ಚುವಾಗ, ಊರಿನಿಂದ ರಜೆ ಮುಗಿಸಿ ಬಂದಾಗ, ಮೊದಲು ನೀರನ್ನು 60 ಡಿಗ್ರಿಯವರೆಗೆ ಚೆನ್ನಾಗಿ ಕಾಯಿಸಿ. ನಲ್ಲಿ, ಷವರುಗಳಲ್ಲಿ ಕೆಲವು ನಿಮಿಷ ಹರಿಯಬಿಟ್ಟು, ಆಮೇಲೆ ಸ್ನಾನಕ್ಕೆ ಬಳಸಿ. ಹರಿಯುವಾಗ ಮಕ್ಕಳು, ಅಜ್ಜ-ಅಜ್ಜಿಯರು ಅಲ್ಲಿರುವುದು ಬೇಡ.

ಸುಟ್ಟಾಗ ಯಾವ ನೀರು?

ಈಗ ನಾನು ಮೊದಲೇ ಹೇಳಿದ್ದ ಮಾತಿಗೆ ಬರುತ್ತೇನೆ. 1947ರಲ್ಲಿ ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ವಿಜ್ಞಾನಿಗಳು ಬಿಸಿ ಮತ್ತು ಸಮಯದ ಸಂಬಂಧವನ್ನು ಅಳೆದು ತೋರಿಸಿದರು. 49 ಡಿಗ್ರಿಯ ನೀರು ವಯಸ್ಕರ ಚರ್ಮವನ್ನು ಆಳವಾಗಿ ಸುಡಲು ನಿಮಿಷಗಳೇ ಬೇಕು. 60 ಡಿಗ್ರಿಗೆ ಸುಮಾರು 5 ಸೆಕೆಂಡು ಸಾಕು. 70ಕ್ಕೆ ಒಂದೇ ಸೆಕೆಂಡು! ಮಕ್ಕಳ ಚರ್ಮ ತೆಳು, ಆದ್ದರಿಂದ ಇನ್ನೂ ಬೇಗ. ನಾವು ಲೆಕ್ಕ ಹಾಕಿದ 74 ಡಿಗ್ರಿಯ ಕಾಫಿ ಲೋಟವನ್ನು ಮೇಜಿನ ಅಂಚಿನಿಂದ ಎಳೆದುಕೊಳ್ಳುವ ಒಂದು ವರ್ಷದ ಕೂಸಿಗೆ ಮುಖ, ಕುತ್ತಿಗೆ, ಎದೆ ಒಮ್ಮೆಲೇ ಸುಡಲು ಆ ಒಂದು ಲೋಟವೇ ಸಾಕು. ಹಬ್ಬದ ದಿನ ಮನೆ ತುಂಬಾ ಜನ, ಕೈಯಲ್ಲೊಂದು ಲೋಟ, ತೊಡೆಯ ಮೇಲೊಂದು ಮಗು. ಇದಕ್ಕಿಂತ ಅಪಾಯದ ಜೋಡಿ ಬೇರೆ ಬೇಡ. ನೆಗಡಿಯಾದ ಮಕ್ಕಳಿಗೆ ಕುದಿನೀರಿನ ಬೋಗುಣಿಯಿಟ್ಟು ಹಬೆ ಹಿಡಿಸುವುದನ್ನೂ ನಿಲ್ಲಿಸಿ. ಲಾಭ ಅಷ್ಟಕ್ಕಷ್ಟೇ, ಬೋಗುಣಿ ಮಗುಚಿದರೆ ಅನಾಹುತ.

ಸುಟ್ಟ ಗಾಯಕ್ಕೆ ಮೊದಲ ಔಷಧ 20 ನಿಮಿಷ ಹರಿಯುವ ತಂಪು ನೀರು ಎಂದು ವೈದ್ಯರು ಹೇಳುತ್ತಾರೆ. ಆದರೆ ಆ ಸಲಹೆಯನ್ನು ಬರೆದವರು ಜುಲೈ ತಿಂಗಳ ಮಸ್ಕತ್ತಿನ ನಲ್ಲಿಯನ್ನು ತಿರುಗಿಸಿ ನೋಡಿರಲಿಕ್ಕಿಲ್ಲ! ಒಂದು ಬೇಸಿಗೆಯಲ್ಲಿ ಸುಟ್ಟ ಕೈಯ ಮಗುವನ್ನು ಎತ್ತಿಕೊಂಡು ಬಂದ ತಾಯಿಯೊಬ್ಬರು ನನಗೆ ಹೇಳಿದ ಮಾತು ಮರೆಯುವಂತಿಲ್ಲ. "ಡಾಕ್ಟ್ರೇ, ಕೂಡಲೇ ನಲ್ಲಿ ಕೆಳಗೆ ಹಿಡಿದೆ, ಆದ್ರೆ ಮಗು ಇನ್ನೂ ಜೋರಾಗಿ ಕಿರುಚಿಕೊಂಡಿತು. ಆಮೇಲೆ ನೋಡಿದ್ರೆ ನೀರೇ ಕಾದಿತ್ತು." ಆ ತಾಯಿ ಮಾಡಿದ್ದು ಪುಸ್ತಕದಲ್ಲಿ ಇರುವಂತೆಯೇ. ಆದರೆ ಪುಸ್ತಕ ತಂಪು ನಾಡಿನದು.

ಆದ್ದರಿಂದ ನಮ್ಮ ಮನೆಗಳಿಗೆ ನಮ್ಮದೇ ಪಾಠ ಬೇಕು. ಬೇಸಿಗೆಯಲ್ಲಿ ನಿಮ್ಮ ಮನೆಯ ಯಾವ ನಲ್ಲಿಯಲ್ಲಿ ತಂಪು ನೀರು ಬರುತ್ತದೆ ಎಂಬುದನ್ನು ಮನೆಯ ಎಲ್ಲರೂ, ಕೆಲಸದವರೂ ಸೇರಿ, ತಿಳಿದಿರಲಿ. ಗೀಸರ್ ಆರಿಸಿದ್ದರೆ ಬಿಸಿನೀರಿನ ನಲ್ಲಿಯೇ ಸರಿ. ಹಚ್ಚಿದ್ದರೆ ಅದೇ ಅಪಾಯ. ಮೊದಲು ನಿಮ್ಮ ಕೈ ಹಿಡಿದು ನೋಡಿ, ಆಮೇಲೆ ಮಗುವನ್ನು ಹಿಡಿಯಿರಿ. ನಲ್ಲಿ ಬಿಸಿಯಿದ್ದರೆ ಮನೆಯೊಳಗೆ ಇಟ್ಟಿರುವ ಕುಡಿಯುವ ನೀರಿನ ದೊಡ್ಡ ಬಾಟಲಿಯಿಂದ ಚೊಂಬಿನಲ್ಲಿ ಗಾಯದ ಮೇಲೆ ಸುರಿಯುತ್ತಿರಿ. ಯಾವಾಗಲೂ ಒಂದು ಹೆಚ್ಚುವರಿ ಬಾಟಲಿ ಏಸಿಯ ಕೋಣೆಯಲ್ಲಿರಲಿ. ಕೆಳಗೊಂದು ಬೋಗುಣಿ ಇಟ್ಟು, ಸುರಿದ ನೀರನ್ನೇ ಮತ್ತೆ ಮೊಗೆದು ಬಳಸಬಹುದು. ಕೋಣೆಯ ತಂಪಿನ ನೀರು ಸಾಕು. ಮಂಜುಗಡ್ಡೆ ಬೇಡ, ಅದು ಸುಟ್ಟ ಚರ್ಮವನ್ನು ಇನ್ನಷ್ಟು ಕೆಡಿಸುತ್ತದೆ. ಸುಟ್ಟು ಮೂರು ಗಂಟೆಯೊಳಗೆ ಯಾವಾಗ ತಂಪು ಮಾಡಿದರೂ ಪ್ರಯೋಜನವಿದೆ; ತಡವಾಯಿತೆಂದು ಬಿಡಬೇಡಿ.

ಗಾಯಕ್ಕೆ ಅಂಟದ ಬಟ್ಟೆ, ಬಳೆ, ಉಡಿದಾರಗಳನ್ನು ಬೇಗ ತೆಗೆಯಿರಿ. ಗಾಯ ತಂಪಾಗಲಿ, ಮಗುವಿನ ಉಳಿದ ಮೈ ಬೆಚ್ಚಗಿರಲಿ. ಏಸಿ ಕಡಿಮೆ ಮಾಡಿ. ಟೂತ್‌ಪೇಸ್ಟ್, ಶಾಯಿ, ಬೆಣ್ಣೆ, ಅರಿಸಿನ, ಕಾಫಿ ಪುಡಿ ಯಾವುದನ್ನೂ ಹಚ್ಚಬೇಡಿ. ಕಾಫಿ ಪುಡಿಯ ಜಾಗ ಫಿಲ್ಟರಿನಲ್ಲಿ, ಗಾಯದ ಮೇಲಲ್ಲ! ಶುಭ್ರವಾದ ಬಟ್ಟೆಯನ್ನೋ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆಯನ್ನೋ ಸಡಿಲವಾಗಿ ಹೊದಿಸಿ. ಮಗುವಿನ ಬೆರಳು ಸೇರಿದ ಅಂಗೈ ಅದರ ಮೈಯ ಸುಮಾರು ಶೇಕಡಾ ಒಂದರಷ್ಟು. ಗಾಯ ಅದಕ್ಕಿಂತ ದೊಡ್ಡದಿದ್ದರೆ, ಮುಖ, ಕೈ, ಕೀಲು, ಗುಪ್ತಾಂಗಗಳಲ್ಲಿದ್ದರೆ, ಬೊಬ್ಬೆ ಎದ್ದಿದ್ದರೆ ಆಸ್ಪತ್ರೆಗೆ ಹೊರಡಿ. ಒಮಾನಿನ ತುರ್ತು ಸಂಖ್ಯೆ 9999. ಮಸ್ಕತ್ತಿನ ಖೌಲಾ ಆಸ್ಪತ್ರೆಯಲ್ಲಿ ಸುಟ್ಟಗಾಯಗಳಿಗೆಂದೇ ವಿಶೇಷ ವಿಭಾಗವಿದೆ.

ಓದುಗ ಬಂಧುಗಳೇ, ಹಬ್ಬದ ನೂರು ಕೆಲಸಗಳ ನಡುವೆ ಎರಡು ನಿಮಿಷ ಬಿಡುವು ಮಾಡಿಕೊಂಡು ಮೂರು ಕೆಲಸ ಮಾಡಿ. ಫಿಲ್ಟರನ್ನು ಬಿಸಿ ಮಾಡಿಕೊಂಡು ಪುಡಿ ಹಾಕಿ. ಬಂದ ಅತಿಥಿಗಳ ಮುಖ ಅರಳುತ್ತದೆ. ಬಕೆಟಿಗೆ ತಣ್ಣೀರನ್ನು ಮೊದಲು ಬಿಡಿ. ಮಕ್ಕಳ ಎಣ್ಣೆಸ್ನಾನ ನಗುನಗುತ್ತಾ ಮುಗಿಯುತ್ತದೆ. ಮುಂದಿನ ಬೇಸಿಗೆಗಾಗಿ ಕುಡಿಯುವ ನೀರಿನ ಒಂದು ಬಾಟಲಿಯನ್ನು ಕೋಣೆಯ ಮೂಲೆಯಲ್ಲಿ ಇಟ್ಟಿರಿ. ಅದನ್ನು ತೆರೆಯುವ ಪ್ರಸಂಗ ನಿಮಗೆ ಎಂದೂ ಬಾರದಿರಲಿ. ಎಲ್ಲರಿಗೂ ದೀಪಾವಳಿಯ ಶುಭಾಶಯಗಳು.